ಬಾಡಿಗೆ ನಾಲಿಗೆ

ಜಾತಿ ಎತ್ತಿ ಬೈದವರ ನಾಲಿಗೆ ನೀಲಿಯಾಗಿ ವರ್ಷವಿಡೀ ಹಾಗೇ ಉಳಿಯತೊಡಗಿದ ಮೇಲೆ ದೊಡ್ಡವರೆಲ್ಲ ಬೈಯಲು ಆಳಿಟ್ಟುಕೊಂಡರು. ಅಪಾರ್ಟ್‌ಮೆಂಟಿನ ಅಧ್ಯಕ್ಷರ ಆಳು ದ್ಯಾವಪ್ಪ ನಾಲ್ಕು ವರ್ಷದಿಂದ ಮಗಳೆದುರು ಬಾಯಿಬಿಟ್ಟು ನಕ್ಕಿರಲಿಲ್ಲ.

ಅಂದು ಕಸದ ಬುಟ್ಟಿ ಹೊತ್ತ ಹನುಮಕ್ಕ ಲಿಫ್ಟಿನಿಂದ ಇಳಿದಳು.

“ನಮ್ಮ ಲಿಫ್ಟ್ ಹತ್ತಿದಾಳೆ! ಉಗಿಯೋ, ಜಾತಿ ಎತ್ತಿ ಉಗಿ,” ಎಂದರು ಅಧ್ಯಕ್ಷರು.

ದ್ಯಾವಪ್ಪನಿಗೆ ಮೈಯೆಲ್ಲ ಉರಿಯಿತು. ಹೊಲಸು ಇವರದು, ಕಲೆ ಮಾತ್ರ ತನ್ನದು! ಅಧ್ಯಕ್ಷರದೇ ಗೊಗ್ಗರು ದನಿಯಲ್ಲಿ ಅಣಕಿಸಿದ: “ಉಗಿಯೋ, ಉಗಿಯೋ! ಯಾಕೆ ಸಾರ್, ನಿಮ್ಮ ಬಾಯಿ ಇರೋದು ಬರೀ ಪಾಯಸಕ್ಕಾ? ಬೇಕಾದ್ರೆ ನೀವೇ ಉಗೀರಿ. ನಾ ಉಗಿಯಲ್ಲ.”

“ಕೆಲಸದಿಂದ ತೆಗೆದೆ ಕಣೋ!” ಎಂದು ಕೂಗಿದ ಅಧ್ಯಕ್ಷರು, ಸಿಟ್ಟಿನ ಭರದಲ್ಲಿ ಇಬ್ಬರ ಜಾತಿಯನ್ನೂ ಹಿಡಿದು ತಾವೇ ಬೈದುಬಿಟ್ಟರು. ಮರುಕ್ಷಣ ತುಟಿ ಬಿಗಿದುಕೊಂಡರು.

ಹನುಮಕ್ಕ ಬುಟ್ಟಿ ಕೆಳಗಿಟ್ಟಳು. “ಎಲ್ಲಿ ಬುದ್ಧೀ, ಒಂದ್ಸಲ ಆ ಅನ್ನಿ.”