ಮೇಲೆ ನಿಂತ ಗೆರೆ

ಲ್ಯಾಬಿನಲ್ಲಿ ಡಿಎನ್‌ಎ ಹರಿಸಿದ ಜೆಲ್ ನೋಡುತ್ತಿದ್ದ ಹಂಸ ಇನ್ನಷ್ಟು ಬಗ್ಗಿದಳು. ಮೂರನೇ ಸಾಲಿನ ಗೆರೆ ಕೆಳಗೆ ಜಾರದೆ ಮೇಲೆಯೇ ನಿಂತಿತ್ತು.

ಡಿಎನ್‌ಎ ಮೇಲೆ ಪ್ರೋಟೀನ್ ಕೂತರೆ ಗೆರೆ ಮೇಲೆ ನಿಲ್ಲುತ್ತದೆ, ಕೂರದಿದ್ದರೆ ಜಾರುತ್ತದೆ. ಈಸ್ಟ್‌ನ ಒಂದು ಜೀನನ್ನು ಎಬ್ಬಿಸುವ ಪ್ರೋಟೀನ್ ಯಾವುದೆಂದು ಹುಡುಕುತ್ತ ಅವಳು ಎಂಟು ತಿಂಗಳು ತಾನು ಆರಿಸಿದ ಪ್ರೋಟೀನನ್ನು ಹಿಡಿದು ಒದ್ದಾಡಿದ್ದಳು. ಪಕ್ಕದ ಮೇಜಿನ ಜಗದೀಶ್ ತನ್ನದನ್ನು. ಎರಡೂ ಕೂತಿರಲಿಲ್ಲ. ಯಾರದು ಕೂರುತ್ತದೋ ಅವರಿಗಷ್ಟೇ ಮುಂದಿನ ವರ್ಷದ ಕೆಲಸ ಎಂದು ಲ್ಯಾಬಿನ ಮುಖ್ಯಸ್ಥ ಶರಣಬಸವ ಸರ್ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ದೊಡ್ಡನೆಕ್ಕುಂದಿಯ ಒಂದೇ ಅಂಗಡಿಯಲ್ಲಿ ಟೀ ಕುಡಿಯುವುದೂ ಬೇರೆ ಬೇರೆ ಹೊತ್ತಿಗೆ.

ಈಗ ಕುಣಿಯಬೇಕಿತ್ತು. ಆದರೆ ಅವಳಿಗೆ ತಲೆಬುಡ ತಿಳಿಯಲಿಲ್ಲ. ನಾಲ್ಕು ಟ್ಯೂಬಿಗೂ ಅದೇ ಡಿಎನ್‌ಎ, ಅದೇ ಪ್ರೋಟೀನ್ ಹಾಕಿದ್ದಳು. ಮೂರು ಜಾರಿ, ಒಂದು ಮಾತ್ರ ಯಾಕೆ ನಿಂತಿತು?

ಅಷ್ಟರಲ್ಲಿ ಜಗದೀಶ್ ತಾನಾಗಿಯೇ ಬಾಯಿಬಿಟ್ಟ. "ನನ್ ಒಂದ್ ಟ್ಯೂಬಲ್ಲಿ ಪ್ರೋಟೀನೇ ಇಲ್ಲ ಕಣೇ. ಬೆಳಿಗ್ಗೆ ಹಾಕಿದ್ದು ಗ್ಯಾರಂಟಿ. ನಂಗೇನ್ ಮರೆವು ಶುರುವಾಯ್ತಾ?"

"ಎಲ್ಲಿತ್ತು ಟ್ಯೂಬು?"

"ಐಸ್ ಡಬ್ಬೀಲಿ. ಮುಚ್ಚಳದ್ ಮೇಲೆ ಬರ್ದಿದ್ದು ಒದ್ದೆಯಾಗಿ ಅಳಿಸ್ಹೋಗಿತ್ತು."

ಇಬ್ಬರಿಗೂ ಇರುವುದು ಒಂದೇ ಐಸ್ ಡಬ್ಬಿ. ಜೋಗುಪಾಳ್ಯದಿಂದ ಅಮ್ಮ ಫೋನ್ ಮಾಡಿದಳೆಂದು ಬೆಳಿಗ್ಗೆ ಹಂಸ ಹೊರಗೆ ಹೋಗಿದ್ದಾಗ, ತನ್ನದೆಂದುಕೊಂಡು ಅವನು ಹಾಕಿದ್ದು ಅವಳ ಮೂರನೇ ಟ್ಯೂಬಿಗೆ. ಅದರಲ್ಲಿ ಇಬ್ಬರ ಪ್ರೋಟೀನೂ ಇದ್ದವು.

ಅವನಿಗೆ ಇದಿನ್ನೂ ಹೊಳೆದಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಕೆಲಸ ಅವಳದು. ಆದರೆ ನಾಳೆ ಸರ್ ಮತ್ತೆ ಮಾಡಿ ತೋರಿಸು ಎಂದರೆ? ಬಾಗಿಲಲ್ಲಿ ಶರಣಬಸವ ಸರ್ ನಿಂತಿದ್ದರು.

"ಯಾರದು ಕೂತಿದೆ?"

"ನನ್ನದೊಂದೇ ಕೂರಲ್ಲ ಸರ್. ಅವನದೊಂದೇ ಇದ್ರೂ ಕೂರಲ್ಲ. ತಪ್ಪಿ ನನ್ ಟ್ಯೂಬಿಗೆ ಅವನದೂ ಬಿದ್ದಿದೆ. ಎರಡೂ ಜೊತೇಲಿದ್ರೇನೇ ಕೂರುತ್ವೆ."

ಹೇಳಿದ ಮೇಲೆ ಅವಳಿಗೆ ಅಳು ಬಂತು. ಯಾಕೆಂದು ಗೊತ್ತಾಗಲಿಲ್ಲ. ಜಗದೀಶ್ ಟ್ಯೂಬನ್ನೇ ತಿರುಗಿಸುತ್ತ ನಿಂತ.

ಸರ್ ಜೆಲ್‌ನ ಚಿತ್ರವನ್ನು ಬಹಳ ಹೊತ್ತು ನೋಡಿದರು. ಮುಖ ಅರಳಿತು, ಆಮೇಲೆ ನಿಧಾನವಾಗಿ ಬಾಡಿತು.

"ಇರೋದು ಒಂದೇ ಸಂಬಳ," ಎಂದರು. "ಈಗ ಯಾರನ್ನ ಮನೆಗೆ ಕಳಿಸ್ಲಿ, ನೀವಿಬ್ರೇ ಹೇಳಿ."