ಆರು ತಿಂಗಳ ವಾಯಿದೆ

“ಬಿಚ್ಚಿದ್ದನ್ನೆಲ್ಲ ವಾಪಸ್ ಹಾಕ್ಬುಡಣ್ಣ” ಎಂದು ಇಂದ್ರೇಶ ಬಂದು ನಿಂತಾಗ, ಪುಟ್ಟರಾಜು ಅವನ ಗೂಡ್ಸ್ ಗಾಡಿಯ ಹಿಂದಿನ ಚಕ್ರದ ಡ್ರಮ್ಮನ್ನು ಆಗಷ್ಟೇ ಕಳಚಿ ನೆಲಕ್ಕಿಟ್ಟಿದ್ದ.

ಇಂದ್ರೇಶ ಮೊಬೈಲು ಮುಂದೆ ಹಿಡಿದ. ಗಾಡಿಗಳ ಎಫ್‌ಸಿ, ಅಂದರೆ ಫಿಟ್‌ನೆಸ್ ಪರೀಕ್ಷೆ, ಆರು ತಿಂಗಳು ಮುಂದಕ್ಕೆ ಹೋಗಿದೆಯಂತೆ. ಪರೀಕ್ಷೆ ಮಾಡುವ ಹೊಸ ಮೆಷಿನ್ನುಗಳು ಇನ್ನೂ ಬಂದಿಲ್ಲವಂತೆ, ಅವು ಬರುವ ತನಕ ಹಳೆಯ ಸರ್ಟಿಫಿಕೇಟೇ ನಡೆಯುತ್ತದಂತೆ. ಪುಟ್ಟರಾಜುವಿಗೆ ಅದು ಹೊಸ ಸುದ್ದಿಯಲ್ಲ. ಆ ವಾರ ಹಳೇಬೀಡಿನ ಅವನ ಗ್ಯಾರೇಜಿನಿಂದ ಹೀಗೆ ಎದ್ದುಹೋಗುತ್ತಿದ್ದ ಗಾಡಿಗಳಲ್ಲಿ ಇದು ನಾಲ್ಕನೆಯದು. ಬೆಳಿಗ್ಗೆ ಅರೇಹಳ್ಳಿ ಕಡೆಯ ಜೀಪೊಂದು ಒಂದು ಮಗ್ಗುಲಿಗೆ ಮಾತ್ರ ಬಣ್ಣ ಹೊಡೆಸಿಕೊಂಡು ಹಾಗೆಯೇ ಹೊರಟುಹೋಗಿತ್ತು.

“ಬಾ ಇಲ್ಲಿ, ನೋಡು” ಎಂದು ಪುಟ್ಟರಾಜು ಬ್ರೇಕಿನ ಮೇಲೆ ಟಾರ್ಚು ಬಿಟ್ಟ. “ಲೈನರ್ ಪೂರಾ ಸವ್ದು ರಿವೆಟ್ಟು ಕಾಣ್ತಾ ಐತೆ. ಆಯಿಲ್ ಬೇರೆ ಜಿನುಗ್ತೈತೆ. ಹಿಂಗಿದ್ರೆ ಆರ್‌ಟಿಓ ಇನ್‌ಸ್ಪೆಕ್ಟ್ರು ಪಾಸ್ ಮಾಡಲ್ಲ ಕಣೋ.”

“ಅದನ್ನೇ ಅಲ್ವಾ ನಾನೂ ಹೇಳ್ತಿರೋದು? ಇನ್‌ಸ್ಪೆಕ್ಟ್ರೇ ಯುಗಾದಿ ಕಳೆಯೋಗಂಟ ಇಲ್ಲ.”

ಹದಿನೇಳು ವರ್ಷದಿಂದ ಪುಟ್ಟರಾಜು ಆಡಿಕೊಂಡು ಬಂದದ್ದು, ಇನ್‌ಸ್ಪೆಕ್ಟ್ರು ಪಾಸ್ ಮಾಡಲ್ಲ ಎಂಬ ಆ ಒಂದೇ ಮಾತು. ಕಸುಬಿಗಿಳಿದ ಹೊಸತರಲ್ಲಿ ಒಬ್ಬ ಡ್ರೈವರಿಗೆ, ಈ ಸ್ಟೀರಿಂಗಿನಲ್ಲಿ ಹೋದರೆ ಜೀವಕ್ಕೆ ಕುತ್ತು ಎಂದುಬಿಟ್ಟಿದ್ದ. ನಿಂಬೆಹಣ್ಣು ಕಟ್ಟಿದ ಗಾಡಿಯ ಎದುರಿಗೆ ಇಂಥ ಮಾತಾ ಎಂದು ಆತ ಮೈಮೇಲೆ ಬಿದ್ದು ಜಗಳ ತೆಗೆದ. ಮತ್ತೆ ಗ್ಯಾರೇಜಿನ ಕಡೆ ತಲೆಹಾಕಲಿಲ್ಲ. ಗಾಡಿಯ ಮುಂದೆ ಕೆಟ್ಟದ್ದು ನುಡಿಯಬಾರದು ಎಂಬುದನ್ನು ಪುಟ್ಟರಾಜು ಅಂದು ಕಲಿತ. ಜೀವದ ಹೆಸರು ಹೇಳಿದರೆ ಸಿಟ್ಟಾಗುವವರು ಇನ್‌ಸ್ಪೆಕ್ಟರ ಹೆಸರು ಹೇಳಿದರೆ ಮರುಮಾತಿಲ್ಲದೆ ರಿಪೇರಿ ಮಾಡಿಸುತ್ತಿದ್ದರು. ಟೈರಿಗೂ ಅದೇ ಮಾತು, ಲೈಟಿಗೂ ಅದೇ ಮಾತು. ಕೆಲಸ ಕಮ್ಮಿಯಿದ್ದ ದಿನ, ಏನೂ ಆಗದ ಗಾಡಿಗೂ ಅದೇ ಮಾತು.

ಇಂದ್ರೇಶ ನಗುತ್ತಿದ್ದ. “ಹೋದ್ಸಲ ಬಂಪರ್ ಸೊಟ್ಟಗೈತೆ, ಪಾಸ್ ಮಾಡಲ್ಲ ಅಂದೆ. ಅವ್ರು ಬಂಪರ್ ಕಡೆ ತಿರುಗೂ ನೋಡ್ಲಿಲ್ಲ. ನಿನ್ ಯಾಪಾರ ನಂಗೊತ್ತಿಲ್ವೇನಣ್ಣ?”

ನಗುವಿನಲ್ಲಿ ವಿಷವಿರಲಿಲ್ಲ. ಪುಟ್ಟರಾಜು ಬೇರೆ ಮಾತಿಗಾಗಿ ತಡಕಾಡಿದ. ನನ್ನ ಕೂಲಿ ಬೇಡ, ಲೈನರ್ ತಂದುಕೊಡು ಸಾಕು ಎನ್ನಬೇಕೆಂದು ತುಟಿಯವರೆಗೂ ಬಂತು. ಆದರೆ ಬೆನ್ನ ಹಿಂದೆ ಗ್ಯಾರೇಜು ಖಾಲಿ ಬಿದ್ದಿತ್ತು. ಏನು ಹೇಳಿದರೂ ಕೆಲಸಕ್ಕೆ ಅಂಗಲಾಚಿದ ಹಾಗೆ ಕೇಳಿಸುತ್ತದೆ ಅನ್ನಿಸಿತು. ಬಾಗಿ ಡ್ರಮ್ಮು ಎತ್ತಿದ. ಜಿನುಗಿದ್ದ ಆಯಿಲನ್ನು ಬಟ್ಟೆಯಿಂದ ಒರೆಸಿ, ಬ್ರೇಕನ್ನು ಆದಷ್ಟು ಬಿಗಿ ಮಾಡಿ, ಚಕ್ರ ಕೂರಿಸಿ, ನಟ್ಟುಗಳನ್ನು ಒಂದೊಂದಾಗಿ ತಿರುಗಿಸಿದ.

“ನಿಧಾನಕ್ಕೆ ಓಡ್ಸು” ಎಂದಷ್ಟೇ ಹೇಳಿದ.

“ಆಯ್ತಣ್ಣ. ಯುಗಾದಿ ಆಗ್ತಿದ್ದಂಗೆ ನಿನ್ ತಾವೇ ಬತ್ತೀನಿ.” ಅರಸೀಕೆರೆ ಮಾರ್ಕೆಟ್ಟಿಗೆ ತೆಂಗಿನಕಾಯಿ ಹೇರುವುದಿತ್ತು. ಇಂದ್ರೇಶ ಹೊರಟ.

ಹತ್ತೊಂಬತ್ತು ದಿನ ಹಾಗೆಯೇ ಓಡಿಸಿದ. ಇಪ್ಪತ್ತನೆಯ ದಿನ ಬೆಳಿಗ್ಗೆ, ಜಾವಗಲ್ ದಾಟಿದ ಮೇಲೆ ಒಂದು ಇಳಿಜಾರಿನಲ್ಲಿ, ಬಸ್ಸೊಂದು ಜನರನ್ನು ಇಳಿಸಲು ನಿಂತಿತ್ತು. ಗಾಡಿಯ ತುಂಬ ಕಾಯಿ. ಇಂದ್ರೇಶ ಬಸ್ಸಿಗೆ ಗುದ್ದಲಿಲ್ಲ. ಪಕ್ಕಕ್ಕೆ ಎಳೆದು ಮೋರಿಯ ಕಲ್ಲಿಗೆ ಗುದ್ದಿದ. ಬಸ್ಸಿನಿಂದ ಇಳಿದವರೇ ಅವನನ್ನು ಹೊರಗೆ ತೆಗೆದರು. ಅಷ್ಟರಲ್ಲಿ ಜೀವ ಹೋಗಿತ್ತು. ಪೊಲೀಸರು ಬಂದು ಕಾಗದಪತ್ರ ನೋಡಿದರು. ಎಲ್ಲ ಸರಿಯಾಗಿತ್ತು. ಎಫ್‌ಸಿಯೂ ಚಾಲ್ತಿಯಲ್ಲಿತ್ತು.

ಮಣ್ಣಾದ ಮೂರನೆಯ ದಿನ ಪುಟ್ಟರಾಜು ಬಸ್ತಿಹಳ್ಳಿಯ ಇಂದ್ರೇಶನ ಮನೆಗೆ ಹೋದ. ಪಡಸಾಲೆಯಲ್ಲಿ ನಾಲ್ಕಾರು ಜನ ಕೂತಿದ್ದರು. ಒಬ್ಬರು ಹಣೆಬರಹ ಎಂದರು, ಒಬ್ಬರು ರಸ್ತೆಯನ್ನು ಬೈದರು, ಒಬ್ಬರು ಬಸ್ಸಿನವನನ್ನು. ಇಂದ್ರೇಶನ ಹೆಂಡತಿ ಪುಷ್ಪಲತಾ ಗೋಡೆಗೆ ಒರಗಿ ಕೂತಿದ್ದಳು. ಅಳು ಮುಗಿದಿತ್ತು. ಯಾರಾದರೂ ನೀರು ಕೊಟ್ಟರೆ ಕುಡಿಯುತ್ತಿದ್ದಳು, ಅವರೇ ಲೋಟ ವಾಪಸ್ ತೆಗೆದುಕೊಳ್ಳುವ ತನಕ ಹಿಡಿದೇ ಇರುತ್ತಿದ್ದಳು.

ಸುಮ್ಮನೆ ಮುಖ ತೋರಿಸಿ ಬರಬೇಕೆಂದು ಹೋದವನು ಪುಟ್ಟರಾಜು. ಆದರೆ ಆ ಚಕ್ರವನ್ನು ಮುಚ್ಚಿದ್ದು ತನ್ನ ಕೈ. ಆದರೂ ತಾನು ಎಚ್ಚರಿಸಿದ್ದೆ ಎಂಬುದು ಈ ಮನೆಯವರಿಗೆ ಗೊತ್ತಿರಲಿ ಅನ್ನಿಸಿತು. ಬಾಗಿಲ ಬಳಿ ನಿಂತೇ ಹೇಳಿದ:

“ನಾನ್ ಅವತ್ತೇ ಹೇಳ್ದೆ ಕಣವ್ವ. ಬ್ರೇಕ್ ತೋರ್ಸಿ ಹೇಳ್ದೆ. ಕೇಳ್ಲಿಲ್ಲ.”

ಪುಷ್ಪಲತಾ ತಲೆಯೆತ್ತಿದಳು. ದನಿಯಲ್ಲಿ ಸಿಟ್ಟಿರಲಿಲ್ಲ; ತಿಳಿಯದ್ದನ್ನು ತಿಳಿದುಕೊಳ್ಳಲು ಕೇಳಿದಂತಿತ್ತು.

“ನೀವು ಹೇಳಿದ್ರಿ ಅಂತ ಅವ್ರೂ ಅಂದಿದ್ರು ಅಣ್ಣ. ಪಾಸ್ ಆಗಲ್ಲ ಅಂದ್ರಂತೆ. ಗಾಡಿ ನಿಲ್ಲಲ್ಲ ಅಂತ ಅಂದಿದ್ರಾ?”