ಗಿರಿಜಾ ಎಕ್ಸ್‌ಪ್ರೆಸ್ಸಿನ ನೀಲಿ ಚೀಟಿ

“ಮುಟ್ಬೇಡಿ ಅಣ್ಣ, ಹಂಗೇ ಇರ್ಲಿ,” ಎಂದಳು ಆಕೆ.

ತನ್ನ ಅಂಗಡಿಯಲ್ಲಿ, ತನ್ನ ಮೇಜಿನ ಮೇಲಿದ್ದ ತನ್ನದೇ ಚೀಟಿಯನ್ನು ಮುಟ್ಟಬೇಡಿ ಎನ್ನಿಸಿಕೊಂಡ ಸುರೇಂದ್ರನಿಗೆ ಆಗಲೇ ಅನುಮಾನ ಬಂತು. ಹೆಂಗಸು ಜೊತೆಗೊಂದು ಹೊಸ ಕಾಗದದ ಕವರನ್ನೂ ತಂದಿದ್ದಳು. ಇವಳನ್ನು ಯಾರೋ ವ್ಯಾಪಾರಿ ಕಳಿಸಿದ್ದಾನೆ ಅಂದುಕೊಂಡ.

ಬಾಳ್ಳುಪೇಟೆಯಲ್ಲಿ ಅವನದು ಗೊಬ್ಬರದ ಅಂಗಡಿ. ಹೊಟ್ಟೆಪಾಡು ಗೊಬ್ಬರದ್ದು, ಹುಚ್ಚು ಚೀಟಿಯದು. ಸರ್ಕಾರದ ಅಂಚೆಚೀಟಿಯಾಗಿದ್ದರೆ ಊರವರು ಸ್ವಲ್ಪವಾದರೂ ಮರ್ಯಾದೆ ಕೊಡುತ್ತಿದ್ದರೇನೋ. ಇವನು ಹುಡುಕುತ್ತಿದ್ದುದು ಖಾಸಗಿ ಪಾರ್ಸಲ್ ಕಂಪನಿಗಳು ತಾವೇ ಅಚ್ಚು ಹಾಕಿಸಿ ಅಂಟಿಸುತ್ತಿದ್ದ ಚೀಟಿಗಳನ್ನು. ಅದರಲ್ಲೂ ಗಿರಿಜಾ ಎಕ್ಸ್‌ಪ್ರೆಸ್ ಅಂದರೆ ಊಟ ನಿದ್ದೆ ಬೇಡ.

ಹೆಸರಿಗೆ ಎಕ್ಸ್‌ಪ್ರೆಸ್, ಇದ್ದದ್ದು ಒಂದು ಜೀಪು, ಒಬ್ಬ ಮನುಷ್ಯ. ಪಾರ್ಸಲ್ ತೆಗೆದುಕೊಳ್ಳುವವನು, ಚೀಟಿ ಅಂಟಿಸುವವನು, ಹಾನುಬಾಳಿನ ತೋಟಗಳಿಗೆ ಮುಟ್ಟಿಸುವವನು ಎಲ್ಲ ಸಿದ್ಧಮಲ್ಲಪ್ಪನೇ. ಹದಿನೈದು ವರ್ಷದ ಹಿಂದೆ ಅವನು ಯಾರದೋ ಒಡವೆಯ ಪಾರ್ಸಲ್ ಸಮೇತ ಕಾಣೆಯಾದ. ಜೀಪು ಸಕಲೇಶಪುರದ ಬಸ್ ಸ್ಟ್ಯಾಂಡಿನ ಪಕ್ಕ ಸಿಕ್ಕಿತು. ಕಳ್ಳ, ಬಸ್ ಹತ್ತಿ ಪರಾರಿಯಾದ ಎಂದು ಜನ ತೀರ್ಮಾನಿಸಿದರು. ಕಂಪನಿ ಅಲ್ಲಿಗೆ ಮುಗಿಯಿತು.

ಒಂದು ರೂಪಾಯಿಯ ಹಸಿರು, ಎರಡು ರೂಪಾಯಿಯ ಕೆಂಪು ಸುರೇಂದ್ರನ ಆಲ್ಬಮ್ಮಿನಲ್ಲಿ ಬೇಕಾದಷ್ಟಿದ್ದವು. ಐದು ರೂಪಾಯಿಯ ನೀಲಿಯ ಸುದ್ದಿ ಮಾತ್ರ ಕೇಳಿದ್ದ. ಅದು ಕಳೆದ ವಾರ ಒಂದು ಎಸ್ಟೇಟಿನ ಸ್ಟೋರಿನಲ್ಲಿ, ಹರಿದ ಪಾರ್ಸಲ್ ಕಾಗದಕ್ಕೆ ಅಂಟಿಕೊಂಡೇ ಸಿಕ್ಕಿತು. ಯಾರಿಗಾದರೂ ಹೇಳೋಣವೆಂದರೆ, ಅಂಗಡಿಗೆ ಬಂದವರೆಲ್ಲ ಹಾನುಬಾಳು ರಸ್ತೆಯ ಹಾಳುಬಾವಿಯಲ್ಲಿ ಹೂಳೆತ್ತುವಾಗ ಸಿಕ್ಕ ಮೂಳೆಗಳ ಮಾತಿನಲ್ಲೇ ಮುಳುಗಿದ್ದರು. ಇವನ ಚೀಟಿ ಯಾರಿಗೆ ಬೇಕು? ಕೊನೆಗೆ ವಾಟ್ಸಾಪಿನಲ್ಲಿ ಫೋಟೊ ಹಾಕಿ ಸಮಾಧಾನ ಮಾಡಿಕೊಂಡ. ಮಾರನೇ ದಿನವೇ ಪಾಳ್ಯದಿಂದ ಈ ಹೆಂಗಸು ಬಂದಿದ್ದಳು.

ಆಲ್ಬಮ್ ತೋರಿಸಿದ. ಅವಳು ಚಿತ್ರಗಳನ್ನು ನೋಡಲೇ ಇಲ್ಲ.

“ಇವೆಲ್ಲ ನೀರಲ್ಲಿ ನೆನೆಸಿ ಬಿಡಿಸಿದ್ದಾ?”

ಹೌದೆಂದು ಹೆಮ್ಮೆಯಿಂದ ಹೇಳಿದ. ಈ ಕಡೆಯ ಮಳೆಗಾಲಕ್ಕೆ ಗೋಂದು ಉಳಿದರೆ ಬೂಷ್ಟು ಹಿಡಿದು ಚೀಟಿ ಹಾಳಾಗುತ್ತದೆ. ಅದಕ್ಕೇ ತಾನು ಒಂದು ಚೂರು ಗೋಂದನ್ನೂ ಉಳಿಸುವುದಿಲ್ಲ ಎಂದ. ಅವಳ ಮುಖ ಇಳಿದುಹೋಯಿತು. ಸುರೇಂದ್ರನ ಅನುಮಾನ ಗಟ್ಟಿಯಾಯಿತು. ಕಾಗದದ ಸಮೇತ ಇರುವ ಚೀಟಿಗೇ ಬೆಲೆ ಹೆಚ್ಚೆಂದು ವ್ಯಾಪಾರಿಗಳಿಗಲ್ಲದೆ ಇನ್ನಾರಿಗೆ ಗೊತ್ತಿರುತ್ತದೆ? ಪರೀಕ್ಷೆ ಮಾಡೋಣವೆಂದು, ಬಳಸದೇ ಉಳಿದಿದ್ದ ಹಸಿರು ಚೀಟಿಗಳ ಒಂದಿಡೀ ಹಾಳೆಯನ್ನೇ ಸುಮ್ಮನೆ ಕೊಡುವುದಾಗಿ ಹೇಳಿದ.

“ಅವು ಬ್ಯಾಡ. ಅವ್ರು ಅಂಟಿಸಿದ್ದೇ ಬೇಕು.”

“ಅವ್ರು ಅಂದ್ರೆ?”

“ನಮ್ಮ ಯಜಮಾನ್ರು.”

ಸುರೇಂದ್ರ ಕುರ್ಚಿಯಿಂದ ಎದ್ದುಬಿಟ್ಟ. ಆಗಷ್ಟೇ ಅವಳ ಹಣೆಯ ಕುಂಕುಮ, ಕೈತುಂಬ ಇದ್ದ ಹಸಿರು ಬಳೆ ಅವನ ಕಣ್ಣಿಗೆ ಬಿದ್ದವು. ಹೆಸರು ನೇತ್ರಾವತಿ. ಕಳ್ಳನ ಹೆಂಡತಿ ಎನ್ನಿಸಿಕೊಂಡು ಇಷ್ಟು ವರ್ಷ ಪಾಳ್ಯದಲ್ಲೇ ಬದುಕಿದವಳು. ಕೂರಿಸಿ ಕಾಫಿ ತರಿಸಿದ. ಅವಳು ನಿಧಾನವಾಗಿ ಹೇಳಿಕೊಂಡಳು. ಗಂಡ ಮಠದ ಬಾಗಿಲಲ್ಲಿ ಸಿಕ್ಕ ಕೂಸು, ಹೆತ್ತವರು ಯಾರೆಂದು ಯಾರಿಗೂ ಗೊತ್ತಿಲ್ಲ. ತಮಗೆ ಮಕ್ಕಳೂ ಆಗಲಿಲ್ಲ. ಬಂದರೆ ಉಡಲು ಇರಲಿ ಎಂದು ಅವನ ಅಂಗಿ ಪಂಚೆಗಳನ್ನು ಪ್ರತಿ ಯುಗಾದಿಗೂ ಒಗೆದು ಮಡಿಸಿಡುತ್ತ ಬಂದಿದ್ದಳು.

“ಚೀಟಿ ಅಂಟ್ಸೋಕೆ ಅಂತ ನೀರಿನ ಬಟ್ಲು ಮಡಗಿದ್ದೆ ಕಣಣ್ಣ. ಮುಟ್ತಾನೇ ಇರ್ಲಿಲ್ಲ. ನಾಲಿಗೆಗೆ ಒರೆಸ್ಕೊಂಡು ಅಂಟಿಸ್ಬುಡೋರು. ಎಷ್ಟ್ ಬೈದಿದೀನೋ.” ಹೇಳುತ್ತ ಸ್ವಲ್ಪ ನಕ್ಕಳು. ಆ ನಗು ನೋಡಿ ಸುರೇಂದ್ರ ಆಲ್ಬಮ್ ಮುಚ್ಚಿ ಪಕ್ಕಕ್ಕಿಟ್ಟ.

ಕೊಡುತ್ತೇನೆ ಎಂದ. ತಾನು ಬರೆಯುತ್ತಿರುವ ಲೇಖನಕ್ಕೆ ಒಂದು ಒಳ್ಳೆಯ ಫೋಟೊ ತೆಗೆದುಕೊಳ್ಳಬೇಕು, ಬುಧವಾರ ಬನ್ನಿ ಎಂದ. ಈಗಲೇ ಕೊಡಿ ಎನ್ನಲು ಅವಳಿಗೆ ಬಾಯಿ ಬರಲಿಲ್ಲ.

“ಹುಷಾರಾಗಿ ಮಡಗಿ ಅಣ್ಣ. ಇದೊಂದೇ ಉಳ್ದಿರೋದು. ಯಾಕೆ ಅಂತ ಮಾತ್ರ ಈಗ ಕೇಳ್ಬೇಡಿ.”

ಕೇಳುವುದೇನಿದೆ, ಅವನಿಗೆ ಎಲ್ಲ ಅರ್ಥವಾಗಿತ್ತು. ಅವಳು ಹೋದ ಮೇಲೆ ಭೂತಗನ್ನಡಿ ಹಿಡಿದು ನೋಡಿದ. ಕಾಗದದ ಅಂಚಿಗೆ ಆಗಲೇ ಬೂಷ್ಟು ಹತ್ತಿತ್ತು. ಹೀಗೇ ಕೊಟ್ಟರೆ ಇನ್ನೆರಡು ಮಳೆಗಾಲ ಕಂಡರೆ ಹೆಚ್ಚು. ಹೆಂಡತಿಗೆ ಗಂಡನ ಗುರುತು ಅಂತ ಉಳಿದಿರುವುದು ಇದೊಂದೇ. ಅದು ಅವಳು ಇರುವಷ್ಟು ಕಾಲ ಬಾಳಬೇಕು.

ಮಧ್ಯಾಹ್ನ ಅಂಗಡಿಯ ಬಾಗಿಲು ಎಳೆದು ಕುಳಿತ. ಉಗುರುಬೆಚ್ಚಗಿನ ನೀರಿನಲ್ಲಿ ಕಾಗದ ತೇಲಿಬಿಟ್ಟು ಚೀಟಿ ತಾನಾಗಿ ಬಿಡುವವರೆಗೆ ಕಾದ. ಹಿಂಬದಿಯ ಗೋಂದನ್ನು ಒದ್ದೆ ಹತ್ತಿಯಿಂದ ಒರೆಸಿ, ಇನ್ನೊಮ್ಮೆ ತೊಳೆದು, ಒತ್ತುಕಾಗದದ ನಡುವೆ ಇಟ್ಟು ಒಣಗಿಸಿದ. ಜೀವಮಾನದ ಹುಡುಕಾಟವನ್ನು ಬೇರೆಯವರಿಗೆ ಕೊಡುತ್ತಿದ್ದರೂ ಅವನಿಗೆ ಹೊಟ್ಟೆ ಉರಿಯಲಿಲ್ಲ. ಗಾಜಿನ ಪುಟ್ಟ ಫ್ರೇಮು ತಂದು ತಾನೇ ಕೂರಿಸಿದ.

ಬುಧವಾರ ನೇತ್ರಾವತಿ ಮೊದಲ ಬಸ್ಸಿಗೇ ಬಂದಳು. ಕವರಿನ ಬಾಯಿ ತೆರೆದು ಹಿಡಿದಳು. ಸುರೇಂದ್ರ ಅವಳ ಕೈಯಲ್ಲಿ ಫ್ರೇಮು ಇಟ್ಟ. ಗಾಜಿನೊಳಗೆ ಚೀಟಿಯ ಮೇಲಿನ ನೀಲಿ ಜೀಪಿನ ಚಿತ್ರ ಹೊಸದರ ಹಾಗೆ ಹೊಳೆಯುತ್ತಿತ್ತು.

“ಹಿಂದ್ಗಡೆ?” ಎಂದಳು.

“ಹಿಂದ್ಗಡೆ ಏನೂ ಇಲ್ಲಕ್ಕ. ಚೆನ್ನಾಗಿ ತೊಳೆದಿದೀನಿ. ಇನ್ನು ಎಷ್ಟ್ ವರ್ಷ ಆದ್ರೂ ಹಿಂಗೇ ಇರ್ತದೆ.”

ಅವಳು ಅಲ್ಲೇ ಗೊಬ್ಬರದ ಮೂಟೆಯ ಮೇಲೆ ಕುಳಿತುಬಿಟ್ಟಳು. ಹೊರಗೆ ಮಂಗಳೂರಿನ ಕಡೆಗೆ ಲಾರಿಗಳು ಹೋಗುತ್ತಿದ್ದವು. ಖಾಲಿ ಕವರನ್ನು ಎರಡಾಗಿ ಮಡಿಸಿದಳು, ಮತ್ತೆ ನಾಲ್ಕಾಗಿ ಮಡಿಸಿದಳು.

“ತಪ್ಪು ನಂದೇ. ಬಾಯ್ಬಿಟ್ಟು ಹೇಳಿದ್ರೆ ಅವ್ರು ಸತ್ತೇ ಹೋಗ್ಬುಟ್ರು ಅಂತ ಆಗ್ಬುಡ್ತದೆ ಅಂತ ಹೆದರ್ಕೊಂಡೆ,” ಎಂದಳು.

ಆಮೇಲೆ ಫ್ರೇಮನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟು ಹೇಳಿದಳು:

“ಬಾವೀಲಿ ಸಿಕ್ಕಿರೋ ಮೂಳೆ ಅವ್ರದೇನಾ ಅಂತ ಲ್ಯಾಬಲ್ಲಿ ತಾಳೆ ನೋಡೋಕೆ ಅವ್ರ ಎಂಜಲು ಒಂಚೂರು ಬೇಕಿತ್ತು ಕಣಣ್ಣ.”